ಮಿದುಳಿನ ಬರಹ

'ಅಪಸ್ಮಾರ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ರೋಗದ ಸ್ವರೂಪವೇ ಅದರೊಳಗೆ ಅಡಗಿರುವುದು ಕಾಣುತ್ತದೆ. 'ಸ್ಮಾರ' ಎಂದರೆ ಸ್ಮರಣೆ. 'ಅಪ' ಎಂಬುದು ಅದರ ಅಗಲಿಕೆ. ಈ ಹೆಸರನ್ನಿಟ್ಟ ಹಿಂದಿನವರು ಕೈಕಾಲುಗಳ ಸೆಳೆತವನ್ನಾಗಲಿ, ಬಾಯಂಚಿನ ನೊರೆಯನ್ನಾಗಲಿ ಲಕ್ಷಿಸದೆ, ನೆನಪು ದೂರ ಸರಿಯುವುದನ್ನೇ ಮುಖ್ಯ ಲಕ್ಷಣವೆಂದು ಬಗೆದರು. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಇದಕ್ಕೆ ಮೀಸಲಾದ ಅಧ್ಯಾಯಗಳಿವೆ. ವಾತ, ಪಿತ್ತ, ಕಫ ಹಾಗೂ ಈ ಮೂರರ ಸನ್ನಿಪಾತದಿಂದ ಹುಟ್ಟುವ ನಾಲ್ಕು ಬಗೆಗಳನ್ನು ಅಲ್ಲಿ ವಿಂಗಡಿಸಲಾಗಿದೆ. ವೈದ್ಯನಿಗೆ ಇದು ಶರೀರದ ವ್ಯಾಧಿ. ಶಿಲ್ಪಿಗಾದರೋ ಅದೇ ಹೆಸರು ಬೇರೊಂದು ರೂಪದಲ್ಲಿ ಒದಗಿತು: ನಟರಾಜನ ಪಾದದಡಿಯಲ್ಲಿ ಮೈ ಮಡಚಿ ಬಿದ್ದಿರುವ ಕುಬ್ಜನೇ ಅಪಸ್ಮಾರಪುರುಷ, ಅಜ್ಞಾನದ ಮೂರ್ತಿ. ಒಂದೇ ಹೆಸರು ರೋಗಕ್ಕೂ ಆಯಿತು, ತುಳಿಯಬೇಕಾದ ಪಿಶಾಚಕ್ಕೂ ಆಯಿತು. ಇದರ ಫಲವನ್ನು ಉಂಡವರು ರೋಗಿಗಳು.

ಪಶ್ಚಿಮದಲ್ಲಿಯೂ ಇದೇ ಕಥೆ. ಗ್ರೀಕರು ಇದನ್ನು ಪವಿತ್ರ ರೋಗವೆಂದು ಕರೆದು ದೇವತೆಗಳ ಆವೇಶವೆಂದು ನಂಬಿದರು. ಕ್ರಿಸ್ತಪೂರ್ವ 400ರ ಸುಮಾರಿನಲ್ಲಿ ಹಿಪ್ಪೊಕ್ರೇಟಿಸನ ಸಂಪ್ರದಾಯದ ಒಬ್ಬ ವೈದ್ಯ ಈ ರೋಗವನ್ನು ಕುರಿತೇ ಒಂದು ಗ್ರಂಥ ಬರೆದು, ಇದಕ್ಕೆ ಉಳಿದ ರೋಗಗಳಿಗಿಲ್ಲದ ಪಾವಿತ್ರ್ಯವೇನೂ ಇಲ್ಲವೆಂದೂ ಇದರ ಮೂಲ ಮಿದುಳಿನಲ್ಲಿದೆಯೆಂದೂ ವಾದಿಸಿದ. ಆ ವಾದ ಗೆಲ್ಲುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಇದು ಮೂರ್ಛೆರೋಗ, ಕೆಲವೆಡೆ ಮಲರೋಗ, ಈಗ ಎಲ್ಲೆಡೆಯೂ 'ಫಿಟ್ಸ್'. ನಾನು ಬಾಲಕನಾಗಿದ್ದಾಗ ಶಾಲೆಯಲ್ಲಿ ಹುಡುಗನೊಬ್ಬ ಬಿದ್ದು ಒದ್ದಾಡತೊಡಗಿದರೆ ಉಪಾಧ್ಯಾಯರಾದಿಯಾಗಿ ಎಲ್ಲರೂ ಅವನ ಅಂಗೈಗೆ ಬೀಗದ ಕೈ ಇಡಲು ಓಡುತ್ತಿದ್ದರು. ಸೆಳೆತ ತನ್ನಷ್ಟಕ್ಕೆ ಒಂದೆರಡು ನಿಮಿಷಗಳಲ್ಲಿ ನಿಲ್ಲುತ್ತಿತ್ತು. ಯಶಸ್ಸು ಕಬ್ಬಿಣಕ್ಕೆ ಸಲ್ಲುತ್ತಿತ್ತು.

ಈ ರೋಗಕ್ಕೆ ಒಂದು ವಿಲಕ್ಷಣವಾದ ತೊಡಕಿದೆ. ಹೊಟ್ಟೆನೋವು ಬಂದವನು ನೋವು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲ. ಜ್ವರ ಬಂದವನು ಚಳಿಯನ್ನು ವರ್ಣಿಸಬಲ್ಲ. ಆದರೆ ಅಪಸ್ಮಾರದ ರೋಗಿಗೆ ತನ್ನ ರೋಗಕ್ಕೆ ತಾನೇ ಸಾಕ್ಷಿಯಾಗುವ ಅವಕಾಶ ಸಾಮಾನ್ಯವಾಗಿ ಇಲ್ಲ. ಅವನು ಎಚ್ಚರಗೊಂಡಾಗ ಎಲ್ಲವೂ ಮುಗಿದಿರುತ್ತದೆ. ಸುತ್ತ ನಿಂತವರ ಮುಖಗಳಿಂದ ತನಗೇನಾಯಿತೆಂಬುದನ್ನು ಅವನು ಊಹಿಸಬೇಕು. ಆ ಮುಖಗಳಲ್ಲಿ ಭಯವಿದ್ದರೆ ಭಯವನ್ನು, ಹೇಸಿಗೆಯಿದ್ದರೆ ಹೇಸಿಗೆಯನ್ನು ಅವನು ತನ್ನ ಪಾಲಿನದೆಂದು ಸ್ವೀಕರಿಸುತ್ತಾನೆ. ಹೀಗಿರುವಾಗ, ನೋಡುವವರ ಭಯ ಬೆರೆಯದಂತೆ ಮಿದುಳು ತಾನೇ ತನ್ನ ಸುದ್ದಿಯನ್ನು ಬರೆದುಕೊಡುವಂತಿದ್ದರೆ ಎಷ್ಟು ಚೆನ್ನ! ಹಾಗೆ ಬರೆಸುವ ಒಂದು ಉಪಾಯ ಮನುಷ್ಯನಿಗೆ ದೊರೆತು ನೂರು ವರ್ಷಗಳ ಮೇಲಾಯಿತು. ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ಚುಟುಕಾಗಿ ಕರೆಯುವ ಮಿದುಳಿನ ವಿದ್ಯುಲ್ಲೇಖವೇ ಅದು. ಅದು ಬಂದ ದಾರಿಯನ್ನು, ಆ ಬರಹವನ್ನು ಓದಿದವರ ಕಥೆಯನ್ನು, ಸ್ವಲ್ಪ ನೋಡೋಣ.

ಮಿದುಳಿನಲ್ಲಿ ವಿದ್ಯುತ್ತಿದೆ ಎಂಬುದನ್ನು ಮೊದಲು ಕಂಡವನು ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್. 1875ರಲ್ಲಿ ಅವನು ಮೊಲಗಳ ಮತ್ತು ಕೋತಿಗಳ ತೆರೆದ ಮಿದುಳಿನ ಮೇಲೆ ತಂತಿಗಳನ್ನಿರಿಸಿ, ಕನ್ನಡಿ ಕಟ್ಟಿದ ಸೂಕ್ಷ್ಮ ವಿದ್ಯುನ್ಮಾಪಕದಿಂದ ಬೆಳಕಿನ ಚುಕ್ಕೆಯೊಂದನ್ನು ಗೋಡೆಯ ಮೇಲೆ ಬೀಳಿಸಿದ. ಆ ಚುಕ್ಕೆ ಸುಮ್ಮನೆ ನಿಲ್ಲಲಿಲ್ಲ, ಅತ್ತಿತ್ತ ಅಲುಗಿತು. ಕೇಟನ್ ಇದನ್ನು ವೈದ್ಯರ ಸಭೆಯಲ್ಲಿ ವರದಿ ಮಾಡಿದರೂ ಹೆಚ್ಚು ಜನ ಕಿವಿಗೊಡಲಿಲ್ಲ. ಹದಿನೈದು ವರ್ಷಗಳ ಅನಂತರ, 1890ರಲ್ಲಿ, ಪೋಲೆಂಡಿನ ಕ್ರಾಕೋ ನಗರದಲ್ಲಿ ಅಡಾಲ್ಫ್ ಬೆಕ್ ಎಂಬ ಯುವಕ ಕೇಟನ್ನನ ಕೆಲಸವನ್ನರಿಯದೆಯೇ ಅದೇ ವಿದ್ಯುತ್ತನ್ನು ಪ್ರಾಣಿಗಳಲ್ಲಿ ಕಂಡ. ಪ್ರಾಣಿ ಸುಮ್ಮನಿದ್ದಾಗ ತರಂಗಗಳು ಲಯಬದ್ಧವಾಗಿ ಏಳುತ್ತಿದ್ದುವು. ಕಣ್ಣಿಗೆ ಬೆಳಕು ಬಿದ್ದಾಗ ಆ ಲಯ ಅಡಗುತ್ತಿತ್ತು. ಬೆಕ್ಕನ ಹೆಸರನ್ನು ನೆನಪಿಡಬೇಕೆಂದು ಕೋರುತ್ತೇನೆ. ಆತ ಈ ಕಥೆಯಲ್ಲಿ ಮತ್ತೊಮ್ಮೆ ಬರುವವನಿದ್ದಾನೆ.

ಆದರೆ ಇವೆಲ್ಲ ತಲೆಬುರುಡೆ ತೆರೆದ ಪ್ರಾಣಿಗಳ ಮಾತು. ಬದುಕಿರುವ ಮನುಷ್ಯನ, ಮುಚ್ಚಿದ ತಲೆಯ ಮೇಲಿನಿಂದಲೇ ಈ ವಿದ್ಯುತ್ತನ್ನು ಹಿಡಿದವನು ಜರ್ಮನಿಯ ಹಾನ್ಸ್ ಬರ್ಗರ್. ಸಾಹಿತ್ಯಾಸಕ್ತರಿಗೆ ಈತನ ವಂಶದ ವಿಚಾರ ಸ್ವಾರಸ್ಯಕರವಾಗಿ ತೋರಬಹುದು. ಬರ್ಗರನ ತಾಯಿ, ಕವಿ ಫ್ರೀಡ್ರಿಖ್ ರ‍್ಯೂಕರ್ಟನ ಮಗಳು. ಆ ರ‍್ಯೂಕರ್ಟನಾದರೋ ಸಂಸ್ಕೃತ, ಫಾರಸಿ, ಅರಬ್ಬಿ ಭಾಷೆಗಳ ಪಂಡಿತ. ನಳದಮಯಂತಿಯರ ಕಥೆಯನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದವನು. ನಮ್ಮ ಕಾವ್ಯಗಳನ್ನು ಅನುವಾದಿಸಿದವನ ಮೊಮ್ಮಗ, ಮಿದುಳಿನ ಬರಹವನ್ನು ಅನುವಾದಿಸಲು ಹೊರಟ.

ಬರ್ಗರ್ ಹುಟ್ಟಿದ್ದು 1873ರಲ್ಲಿ, ಕೋಬುರ್ಗ್ ಬಳಿಯ ನಾಯ್ಸಸ್ ಎಂಬ ಊರಿನಲ್ಲಿ. ಖಗೋಳಶಾಸ್ತ್ರಜ್ಞನಾಗಬೇಕೆಂಬುದು ಅವನ ಮೊದಲ ಆಸೆ. ಓದು ಹಿಡಿಸದೆ ಒಂದು ವರ್ಷದ ಮಟ್ಟಿಗೆ ಸೈನ್ಯ ಸೇರಿದ. ಒಂದು ದಿನ ಕವಾಯತಿನಲ್ಲಿ ಅವನ ಕುದುರೆ ಮುಗ್ಗರಿಸಿ ಅವನನ್ನು ಕೆಡವಿತು. ಎದುರಿನಿಂದ ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿಯ ಗಾಲಿ ಅವನ ಮೇಲೆ ಹರಿಯುವುದಕ್ಕೆ ಕ್ಷಣವೊಂದು ಉಳಿದಿರುವಾಗ ನಿಂತಿತು. ಅಂದೇ ಸಂಜೆ ಅವನಿಗೆ ಮನೆಯಿಂದ ತಂತಿ ಬಂದಿತು. ದೂರದ ಊರಿನಲ್ಲಿದ್ದ ಅಕ್ಕ, ತಮ್ಮನಿಗೆ ಏನೋ ಅಪಾಯ ಒದಗಿದೆಯೆಂದು ಕಳವಳಗೊಂಡು ತಂದೆಯಿಂದ ಕ್ಷೇಮಸಮಾಚಾರ ವಿಚಾರಿಸಿಸಿದ್ದಳು. ಇದು ಕಾಕತಾಳೀಯವಿರಬಹುದು. ಆದರೆ ಬರ್ಗರ್ ಹಾಗೆ ತಿಳಿಯಲಿಲ್ಲ. ತನ್ನ ಭಯ ಮಿದುಳಿನಿಂದ ಮಿದುಳಿಗೆ ಹರಿದಿರಬೇಕು, ಮನಸ್ಸಿನ ಶಕ್ತಿಗೆ ಅಳೆಯಬಹುದಾದ ಒಂದು ಭೌತಿಕ ರೂಪವಿರಲೇಬೇಕು ಎಂದು ಅವನು ನಂಬಿದ. ನಕ್ಷತ್ರಗಳನ್ನು ಬಿಟ್ಟು ವೈದ್ಯಕೀಯ ಓದಿ, ಜೇನಾ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯ ಸೇರಿ, 1919ರಲ್ಲಿ ಅದರ ನಿರ್ದೇಶಕನಾದ. ಅವನ ನಂಬಿಕೆ ಕೊನೆಗೂ ರುಜುವಾತಾಗಲಿಲ್ಲ. ಆದರೆ ಆ ನಂಬಿಕೆಯ ಬೆನ್ನು ಹತ್ತಿ ಹೋದವನಿಗೆ ಬೇರೊಂದು ನಿಧಿ ಸಿಕ್ಕಿತು.

1924ನೆಯ ಜುಲೈ 6ರಂದು ಬರ್ಗರ್ ಹದಿನೇಳು ವರ್ಷದ ಹುಡುಗನೊಬ್ಬನ ತಲೆಯ ಮೇಲೆ ಪ್ರಯೋಗ ನಡೆಸಿದ. ಮಿದುಳಿನಲ್ಲಿ ಗಡ್ಡೆಯಿರಬಹುದೆಂಬ ಶಂಕೆಯಿಂದ ಆ ಹುಡುಗನಿಗೆ ಶಸ್ತ್ರಕ್ರಿಯೆ ನಡೆದಿತ್ತು. ಬುರುಡೆಯ ಒಂದು ಭಾಗದಲ್ಲಿ ಮೂಳೆ ಇರಲಿಲ್ಲ, ಚರ್ಮ ಮಾತ್ರ ಮುಚ್ಚಿತ್ತು. ಆ ಭಾಗದ ಮೇಲಿರಿಸಿದ ತಂತಿಗಳಿಂದ ವಿದ್ಯುನ್ಮಾಪಕದ ಎಳೆ ಸಣ್ಣಗೆ ಕಂಪಿಸಿತು. ಅನುಮಾನ ಅವನ ಸ್ವಭಾವ. ಇದು ನಾಡಿಯ ಮಿಡಿತವೇ, ಚರ್ಮದ ವಿದ್ಯುತ್ತೇ, ಸ್ನಾಯುಗಳ ಅದಿರಾಟವೇ, ಯಂತ್ರದ ದೋಷವೇ ಎಂದು ಒಂದೊಂದನ್ನೇ ಪರೀಕ್ಷಿಸಿ ಕಳೆಯುತ್ತ ಐದು ವರ್ಷ ಕಳೆದ. ತನ್ನ ತಲೆಯ ಮೇಲೂ, ಮಗ ಕ್ಲಾಸನ ತಲೆಯ ಮೇಲೂ ಮತ್ತೆ ಮತ್ತೆ ತಂತಿಗಳನ್ನಿರಿಸಿ ನೋಡಿದ. 1929ರಲ್ಲಿ ತನ್ನ ಮೊದಲ ಲೇಖನವನ್ನು ಪ್ರಕಟಿಸಿ, ಈ ಬರಹಕ್ಕೆ 'ಎಲೆಕ್ಟ್ರೆನ್‌ಕೆಫಲೋಗ್ರಾಮ್' ಎಂದು ಹೆಸರಿಟ್ಟ. ಕಣ್ಣು ಮುಚ್ಚಿ ಶಾಂತವಾಗಿ ಕುಳಿತವನ ಮಿದುಳಿನಿಂದ ಸೆಕೆಂಡಿಗೆ ಸುಮಾರು ಹತ್ತು ತರಂಗಗಳು ಏಳುತ್ತವೆ. ಕಣ್ಣು ತೆರೆದರೆ, ಇಲ್ಲವೆ ಮನಸ್ಸಿಗೆ ಲೆಕ್ಕವೊಂದನ್ನು ಕೊಟ್ಟರೆ, ಅವು ಮಾಯವಾಗುತ್ತವೆ. ಇವೇ ಇಂದು ಆಲ್ಫಾ ಎಂದು ಕರೆಯುವ ತರಂಗಗಳು.

ಜರ್ಮನಿಯ ವಿದ್ವಾಂಸರು ಇದನ್ನು ನಂಬಲಿಲ್ಲ. ಅಷ್ಟು ಜಟಿಲವಾದ ಮಿದುಳು ಇಷ್ಟು ಸರಳವಾದ ಅಲೆಯನ್ನು ಏಕೆ ಎಬ್ಬಿಸೀತು ಎಂಬುದು ಅವರ ಸಂಶಯ. ಸಂಶಯ ಹರಿದದ್ದು 1934ರಲ್ಲಿ, ಕೇಂಬ್ರಿಜ್‌ನಲ್ಲಿ. ಎರಡು ವರ್ಷಗಳ ಹಿಂದೆಯಷ್ಟೇ ನೊಬೆಲ್ ಬಹುಮಾನ ಪಡೆದಿದ್ದ ಎಡ್ಗರ್ ಏಡ್ರಿಯನ್, ತನ್ನ ಸಹೋದ್ಯೋಗಿ ಮ್ಯಾಥ್ಯೂಸನೊಂದಿಗೆ ಸೇರಿ, ವಿಜ್ಞಾನಿಗಳ ಸಭೆಯಲ್ಲಿ ಸ್ವತಃ ತನ್ನ ತಲೆಗೇ ತಂತಿ ಕಟ್ಟಿಸಿಕೊಂಡು ಕುಳಿತ. ಕಣ್ಣು ಮುಚ್ಚಿದೊಡನೆ ಅಲೆಗಳು ಎದ್ದುವು, ತೆರೆದೊಡನೆ ಅಡಗಿದುವು. ಮ್ಯಾಥ್ಯೂಸನ ತಲೆಯಿಂದ ಅಷ್ಟು ಚೆಲುವಾದ ಅಲೆಗಳು ಬರಲಿಲ್ಲವೆಂಬುದೂ ದಾಖಲಾಗಿದೆ. ಇದು ಬುದ್ಧಿಯ ಹೆಚ್ಚುಕಡಿಮೆಯ ಗುರುತಲ್ಲ; ಮನುಷ್ಯ ಮನುಷ್ಯನಿಗೆ ಮುಖ ಬೇರೆಯಿರುವಂತೆ ಅಲೆಯೂ ಬೇರೆ. ಏಡ್ರಿಯನ್ ಈ ಅಲೆಗೆ ಬರ್ಗರನ ಹೆಸರನ್ನೇ ಇಟ್ಟು ಅವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದ.

ಆ ಅಲೆಯಿಂದ ರೋಗಿಗಳಿಗೆ ಏನು ಪ್ರಯೋಜನವಾಯಿತು? ಉತ್ತರ ಅಮೆರಿಕದ ಬಾಸ್ಟನ್ ನಗರದಿಂದ ಬಂದಿತು. ಫ್ರೆಡರಿಕ್ ಗಿಬ್ಸ್, ಹ್ಯಾಲೊವೆಲ್ ಡೇವಿಸ್, ವಿಲಿಯಂ ಲೆನಾಕ್ಸ್ ಎಂಬ ಮೂವರು 1935ರಲ್ಲಿ ಪ್ರಕಟಿಸಿದ ಲೇಖನ, ಈ ವಿದ್ಯೆಯನ್ನು ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ತಂದಿತು. ಮಕ್ಕಳಲ್ಲಿ ಕಾಣುವ ಒಂದು ಬಗೆಯ ಅಪಸ್ಮಾರವಿದೆ. ಮಗು ಬೀಳುವುದಿಲ್ಲ, ಸೆಳೆತವಿಲ್ಲ. ಓದುತ್ತಿರುವ ಮಗು ಹತ್ತು ಸೆಕೆಂಡು ಶೂನ್ಯವನ್ನು ದಿಟ್ಟಿಸಿ, ಮತ್ತೆ ಏನೂ ಆಗದಂತೆ ಓದನ್ನು ಮುಂದುವರಿಸುತ್ತದೆ. ದಿನಕ್ಕೆ ಹತ್ತಾರು ಬಾರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹೀಗಾಗಬಹುದು. ಆ ಹತ್ತು ಸೆಕೆಂಡುಗಳಲ್ಲಿ ಯಂತ್ರದ ಲೇಖನಿ ಬೇರೆಯೇ ಒಂದು ಚಿತ್ರವನ್ನು ಬರೆಯುತ್ತಿತ್ತು: ಮೊನಚಾದ ಒಂದು ಶಿಖರ, ಅದರ ಬೆನ್ನಿಗೆ ಗುಂಡಗಿನ ಒಂದು ಗುಡ್ಡ, ಮತ್ತೆ ಶಿಖರ, ಮತ್ತೆ ಗುಡ್ಡ, ಸೆಕೆಂಡಿಗೆ ಮೂರರಂತೆ, ಹೂಮಾಲೆ ಕಟ್ಟಿದಷ್ಟು ಕ್ರಮವಾಗಿ. ಮುಂದಿನ ವರ್ಷವೇ ಇಂಗ್ಲೆಂಡಿನ ಗ್ರೇ ವಾಲ್ಟರ್, ಮಿದುಳಿನ ಗಡ್ಡೆಯ ಸುತ್ತ ನಿಧಾನವಾದ ಅಲೆಗಳು ಏಳುವುದನ್ನು ತೋರಿಸಿದ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯ ಮುಂದೆ ನಿಂತ ನನ್ನಂಥವನಿಗೆ ಈ ಶೋಧದ ಅರ್ಥ ಬಹಳ ದೊಡ್ಡದೆನಿಸುತ್ತದೆ. ಪಾಠದ ನಡುವೆ ಕಿಟಕಿಯ ಕಡೆ ಕಣ್ಣು ನೆಟ್ಟ ಮಗುವನ್ನು ನಮ್ಮ ಶಾಲೆಗಳು ಏನೆಂದು ಕರೆದವು? 'ಪೆದ್ದ', 'ಮೈಮರೆತವಳು', 'ಸೋಮಾರಿ'. ಬೆತ್ತದ ಏಟೂ ಬಿತ್ತು. ಆ ಮಕ್ಕಳಲ್ಲಿ ಕೆಲವರಾದರೂ ಆ ಗಳಿಗೆಯಲ್ಲಿ ತರಗತಿಯಲ್ಲಿ ಇರಲೇ ಇಲ್ಲ. ಅವರನ್ನು ಅವರ ಮಿದುಳೇ ಎಲ್ಲಿಗೋ ಒಯ್ದಿತ್ತು. ಕಾಗದದ ಮೇಲಿನ ಆ ಶಿಖರಗಳು ಮಗುವಿನ ಪರವಾಗಿ ಹೇಳಿದ ಸಾಕ್ಷ್ಯವನ್ನು ಯಾವ ಮಗುವೂ ತಾನಾಗಿ ಹೇಳಲಾರದು.

ಈ ಯಂತ್ರ ಮನಸ್ಸನ್ನು ಓದುತ್ತದೆಂದು ಕೆಲವರು ಅಂಜುತ್ತಾರೆ. ಹಾಗೇನಿಲ್ಲ. ಊರಾಚೆ ನಿಂತು ಜಾತ್ರೆಯ ಸದ್ದನ್ನು ಕೇಳುವವನನ್ನು ಕಲ್ಪಿಸಿಕೊಳ್ಳಿ. ಯಾರು ಯಾರಿಗೆ ಏನು ಹೇಳಿದರೆಂಬುದು ಅವನಿಗೆ ತಿಳಿಯದು. ಒಂದು ಗಿಜಿಗಿಜಿ ಮಾತ್ರ ಕೇಳುತ್ತದೆ. ಆದರೆ ತೇರು ಕದಲಿದ ಕ್ಷಣದಲ್ಲಿ ಸಾವಿರಾರು ಕಂಠಗಳು ಒಟ್ಟಿಗೆ ಕೂಗಿದಾಗ, ಏನೋ ನಡೆಯಿತೆಂದು ದೂರದವನಿಗೂ ಗೊತ್ತಾಗುತ್ತದೆ. ಮಿದುಳಿನ ಹೊರಪದರದಲ್ಲಿರುವ ಅಸಂಖ್ಯ ಜೀವಕೋಶಗಳ ವಿದ್ಯುತ್ತು ಮೂಳೆಯನ್ನೂ ಚರ್ಮವನ್ನೂ ದಾಟಿ ಹೊರಬರುವಾಗ ಒಂದು ವೋಲ್ಟಿನ ದಶಲಕ್ಷದ ಕೆಲವೇ ಹತ್ತು ಭಾಗಗಳಷ್ಟಾಗಿರುತ್ತದೆ. ಅದನ್ನು ಹಿಗ್ಗಿಸಿ ಬರೆಯುವುದಷ್ಟೇ ಯಂತ್ರದ ಕೆಲಸ. ಸೆಳೆತದ ಸಮಯದಲ್ಲಿ ಬೇರೆ ಬೇರೆ ಮಾತನಾಡುತ್ತಿರಬೇಕಾದ ಕೋಶಗಳು ಒಮ್ಮೆಗೇ ಒಂದೇ ಕೂಗನ್ನು ಕೂಗುತ್ತವೆ. ಆ ಕೂಗು ಲೇಖದಲ್ಲಿ ಶಿಖರವಾಗುತ್ತದೆ.

ನಾನೂ ಈ ಪರೀಕ್ಷೆಗೆ ಒಳಗಾದವನೇ. ನಿವೃತ್ತನಾದ ಮೇಲೆ, ಮಾತಿನ ನಡುವೆ ಕೆಲವು ಕ್ಷಣ ನಾನು ಇಲ್ಲವಾಗುತ್ತಿದ್ದೆನೆಂದು ಮನೆಯವರು ಹೇಳತೊಡಗಿದರು. ನನಗಾದರೋ ಕಾಲದ ಹರಿವಿನಲ್ಲಿ ಯಾವ ಬಿರುಕೂ ಕಾಣುತ್ತಿರಲಿಲ್ಲ. ನರರೋಗ ತಜ್ಞರಾದ ಒಬ್ಬ ಯುವತಿಯ ಬಳಿಗೆ ಹೋದೆವು. ನಾನು ವಿಸ್ತಾರವಾಗಿ ಹೇಳಲು ಸಿದ್ಧನಾಗಿ ಕುಳಿತಿದ್ದೆ. ಆಕೆ ನಸುನಕ್ಕು ನನ್ನ ಪತ್ನಿಯ ಕಡೆ ತಿರುಗಿ, "ಅಮ್ಮಾ, ಮೊದಲು ನೀವು ಹೇಳಿ. ಮೇಷ್ಟ್ರು ಆಮೇಲೆ ಹೇಳಲಿ" ಎಂದರು. ಆಗ ಕಣ್ಣು ಎತ್ತ ನೋಡುತ್ತಿತ್ತು, ಬಾಯಿ ಚಪ್ಪರಿಸುತ್ತಿದ್ದರೇ, ಕೈ ಏನು ಮಾಡುತ್ತಿತ್ತು ಎಂದು ಒಂದೊಂದಾಗಿ ಕೇಳಿದರು. "ಪಂಚೆಯ ಅಂಚನ್ನು ಹಿಂಡುತ್ತಾ ಇರುತ್ತಾರೆ, ಕರೆದರೆ ಓಗೊಡುವುದಿಲ್ಲ" ಎಂದು ಈಕೆ ಹೇಳಿದಾಗ, ಆ ಸಂಗತಿಯನ್ನು ವೈದ್ಯೆಯೊಂದಿಗೆ ನಾನೂ ಮೊದಲ ಬಾರಿಗೆ ಕೇಳಿದೆ.

ಪರೀಕ್ಷೆಯಲ್ಲಿ ನೋವೆಂಬುದಿಲ್ಲ. ತಲೆಗೆ ಎಣ್ಣೆ ಸೋಕಿಸದೆ, ಚೆನ್ನಾಗಿ ತೊಳೆದುಕೊಂಡು ಹೋಗಬೇಕು. ದರ್ಜಿಯಂತೆ ಟೇಪು ಹಿಡಿದ ತಂತ್ರಜ್ಞ ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆದು ಗುರುತು ಹಾಕುತ್ತಾನೆ. ಆ ಅಳತೆಯನ್ನು ಶೇಕಡಾ ಹತ್ತು, ಇಪ್ಪತ್ತರ ಭಾಗಗಳಾಗಿ ಹಂಚಿ ತಂತಿಗಳ ಸ್ಥಾನವನ್ನು ಗೊತ್ತುಪಡಿಸುವ ಪದ್ಧತಿ 1958ರಲ್ಲಿ ಹರ್ಬರ್ಟ್ ಜ್ಯಾಸ್ಪರನ ಹೆಸರಿನಲ್ಲಿ ಪ್ರಕಟವಾಯಿತು. ಅಂದಿನಿಂದ ಜಗತ್ತಿನ ಯಾವ ಊರಿನ ಲೇಖವನ್ನಾದರೂ ಬೇರೆ ಊರಿನ ವೈದ್ಯ ಓದಬಲ್ಲ. ಸುಮಾರು ಇಪ್ಪತ್ತು ಪುಟ್ಟ ಬಿಲ್ಲೆಗಳನ್ನು ಅಂಟಿನಿಂದ ತಲೆಗೆ ಹತ್ತಿಸುತ್ತಾರೆ. ಕಣ್ಣು ಮುಚ್ಚಿ, ತೆರೆಯಿರಿ ಎನ್ನುತ್ತಾರೆ; ದೀರ್ಘವಾಗಿ ಉಸಿರಾಡಿಸುತ್ತಾರೆ; ಮಿಣುಕು ದೀಪವನ್ನು ಕಣ್ಣೆದುರು ಮಿನುಗಿಸುತ್ತಾರೆ. ಕಾಗದದ ಕಾಲದಲ್ಲಿ ಅದು ಸೆಕೆಂಡಿಗೆ ಮೂರು ಸೆಂಟಿಮೀಟರಿನಂತೆ ಓಡುತ್ತಿದ್ದುದರಿಂದ, ಅರ್ಧ ಗಂಟೆಯ ಪರೀಕ್ಷೆಗೆ 54 ಮೀಟರು ಉದ್ದದ ಬರಹವಾಗುತ್ತಿತ್ತು. ಈಗ ಅದು ಕಂಪ್ಯೂಟರಿನ ಪರದೆಯ ಮೇಲೆ ಹರಿಯುತ್ತದೆ. ಬರಹ ಮಾತ್ರ ಅದೇ.

ನನ್ನ ಮೊದಲ ಲೇಖದಲ್ಲಿ ಯಾವ ದೋಷವೂ ಕಾಣಲಿಲ್ಲ. ಆಗ ಆ ವೈದ್ಯೆ ಹೇಳಿದ ಮಾತು ನನ್ನಲ್ಲಿ ನಿಂತಿದೆ: "ರೇಖೆ ಚೆನ್ನಾಗಿದೆ ಎಂದರೆ ಅಮ್ಮ ನೋಡಿದ್ದು ಸುಳ್ಳು ಎಂದಲ್ಲ." ಅಪಸ್ಮಾರ ನಿಜವಾಗಿಯೂ ಇರುವವರಲ್ಲಿ ಸಹ ಮೊದಲ ಪರೀಕ್ಷೆಯಲ್ಲಿ ಕುರುಹು ಕಾಣುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಮತ್ತೊಂದೆಡೆ, ಯಾವ ರೋಗವೂ ಇಲ್ಲದ ಕೆಲವೇ ಕೆಲವರಲ್ಲಿ ಅಂಥ ಕುರುಹು ಆಕಸ್ಮಿಕವಾಗಿ ಕಂಡುಬರುವುದೂ ಉಂಟು. ಕೆಲವು ವಾರಗಳ ಮೇಲೆ, ಇರುಳೆಲ್ಲ ನಿದ್ದೆಗೆಡಿಸಿ ಬೆಳಿಗ್ಗೆ ಮತ್ತೆ ಪರೀಕ್ಷೆ ಮಾಡಿದರು. ಜೊಂಪು ಹತ್ತಿದಾಗ ಎಡಗಪೋಲದ ಮೇಲಿನ ತಂತಿಗಳಲ್ಲಿ ಚೂಪಾದ ಅಲೆಗಳು ಕಾಣಿಸಿದುವು. ಔಷಧ ಆರಂಭವಾಯಿತು. ಪಂಚೆಯ ಅಂಚಿಗೆ ವಿಶ್ರಾಂತಿ ದೊರೆಯಿತು.

ಶಾಸನಗಳನ್ನು ಓದಿಸಿದ ಅನುಭವವುಳ್ಳವರಿಗೆ ಇದು ಹೊಸದಾಗಿ ತೋರಲಾರದು. ಸವೆದ ಕಲ್ಲಿನ ಮೇಲೆ ಅಕ್ಷರ ಕಾಣಲಿಲ್ಲವೆಂದು ಅರಸನೇ ಇರಲಿಲ್ಲವೆನ್ನಲಾಗದು. ಗೀರೊಂದನ್ನು ಅಕ್ಷರವೆಂದು ಓದಿ ಹೊಸ ಅರಸನನ್ನು ಸೃಷ್ಟಿಸುವುದೂ ಸಲ್ಲದು. ಕಲ್ಲನ್ನು ಊರಿನ ಕಥೆಯೊಡನೆ, ಕಥೆಯನ್ನು ಕಲ್ಲಿನೊಡನೆ ಹೊಂದಿಸಿ ನೋಡಬೇಕು.

ಹೀಗೆ ಹೊಂದಿಸಿ ನೋಡಿದ ಒಂದು ದೊಡ್ಡ ನಿದರ್ಶನ ನಮ್ಮ ನಾಡಿನದೇ ಆಗಿದೆ. ನಮ್ಮಲ್ಲಿ ತಲೆಗೆ ನೀರೆರೆದುಕೊಳ್ಳುವ ಬಗೆಯನ್ನು ಬಲ್ಲಿರಿ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಮೊಗೆದು ಒಂದರ ಮೇಲೊಂದರಂತೆ ನೆತ್ತಿಯ ಮೇಲೆ ಸುರಿಯುತ್ತೇವೆ. ಹೀಗೆ ಸುರಿಯುವಾಗಲೇ ಕೆಲವರಿಗೆ, ಅದರಲ್ಲಿಯೂ ಹೆಚ್ಚಾಗಿ ಹುಡುಗರಿಗೆ, ದೃಷ್ಟಿ ಮಂಕಾಗಿ ಎಚ್ಚರ ತಪ್ಪುತ್ತಿತ್ತು. ಬಚ್ಚಲಿನಲ್ಲಿ ಗಾಳಿ ಸೋಕಿತೆಂದು ಮನೆಮಂದಿ ದೃಷ್ಟಿ ತೆಗೆಯುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ನರರೋಗ ತಜ್ಞ ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಇಂಥವರ ವೃತ್ತಾಂತಗಳನ್ನು ಸಂಗ್ರಹಿಸಿ, 1968ರಲ್ಲಿ 'ಬಿಸಿನೀರಿನ ಅಪಸ್ಮಾರ'ವೆಂದು ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದರು. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಿ. ಸತೀಶಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವಿವರವನ್ನು ಜಗತ್ತಿನ ಮುಂದಿಟ್ಟರು. ಬೇರೆ ದೇಶಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಲ್ಲಿ ಕಂಡ ಈ ರೋಗ, ದಕ್ಷಿಣ ಕರ್ನಾಟಕದಲ್ಲಿ ಎದ್ದು ಕಾಣುವಷ್ಟು ಹೆಚ್ಚು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ರೋಗಿಗಳಲ್ಲಿ ಬಹುಪಾಲು ಜನರ ವಿದ್ಯುಲ್ಲೇಖ, ಸೆಳೆತವಿಲ್ಲದ ವೇಳೆಯಲ್ಲಿ ತೆಗೆದರೆ, ಸಹಜವಾಗಿಯೇ ಇರುತ್ತದೆ. ಯಂತ್ರದ ಮೇಲೆ ಮಾತ್ರ ಭಾರ ಹಾಕಿದ್ದರೆ ಈ ರೋಗಕ್ಕೆ ಹೆಸರೇ ದೊರೆಯುತ್ತಿರಲಿಲ್ಲ. ಹಂಡೆಯ ಕಥೆಯನ್ನು, ಚೊಂಬಿನ ಕಥೆಯನ್ನು, ತಾಯಂದಿರು ಹೇಳಿದಾಗ ನಗದೆ ಕುಳಿತು ಕೇಳಿದ ವೈದ್ಯರಿದ್ದುದರಿಂದ ಅದು ಬೆಳಕಿಗೆ ಬಂದಿತು. ಪರಿಹಾರವೂ ಎಷ್ಟು ಸರಳ! ನೀರಿನ ಕಾವನ್ನು ಇಳಿಸುವುದು, ಅಗತ್ಯವಿದ್ದರೆ ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳುವುದು.

ಇನ್ನು ಈ ಚರಿತ್ರೆಯ ಕತ್ತಲಿನ ಭಾಗಕ್ಕೆ ಬರೋಣ. ಇದನ್ನು ಹೇಳದೆ ಮುಗಿಸುವುದು ನ್ಯಾಯವಾಗದು. ಬಾಸ್ಟನ್ನಿನಲ್ಲಿ ಅಪಸ್ಮಾರದ ಶಿಖರಗಳು ಕಾಣಿಸಿಕೊಂಡ ಕಾಲದಲ್ಲೇ, ಬರ್ಗರನ ಜರ್ಮನಿ ನಾಟ್ಸಿಗಳ ವಶವಾಗಿತ್ತು. 1933ರ ಜುಲೈ 14ರಂದು ಅಲ್ಲೊಂದು ಕಾನೂನು ಬಂದಿತು. ಆನುವಂಶಿಕವೆಂದು ಪಟ್ಟಿ ಮಾಡಿದ ಒಂಬತ್ತು ಬಗೆಯ ವ್ಯಾಧಿ ಮತ್ತು ಊನಗಳಿದ್ದವರಿಗೆ ಮಕ್ಕಳಾಗದಂತೆ ಬಲಾತ್ಕಾರವಾಗಿ ಶಸ್ತ್ರಕ್ರಿಯೆ ಮಾಡುವ ಕಾನೂನು ಅದು. ಆ ಒಂಬತ್ತರಲ್ಲಿ ಅಪಸ್ಮಾರವೂ ಒಂದು. ಇದನ್ನು ತೀರ್ಮಾನಿಸಲು ಒಬ್ಬ ನ್ಯಾಯಾಧೀಶ, ಇಬ್ಬರು ವೈದ್ಯರು ಕೂಡಿದ ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸಿದರು. 1945ರವರೆಗೆ ಸುಮಾರು ನಾಲ್ಕು ಲಕ್ಷ ಜನ ಈ ಶಸ್ತ್ರಕ್ಕೆ ಗುರಿಯಾದರೆಂದು ಚರಿತ್ರಕಾರರು ಅಂದಾಜು ಮಾಡುತ್ತಾರೆ.

ಬಹುಕಾಲ ಬರ್ಗರನನ್ನು ನಾಟ್ಸಿಗಳ ವಿರೋಧಿಯೆಂದೂ ಅವರಿಂದ ನೊಂದವನೆಂದೂ ಬಣ್ಣಿಸಲಾಗುತ್ತಿತ್ತು. ಈ ಶತಮಾನದಲ್ಲಿ ಜೇನಾದ ಕಡತಗಳನ್ನು ತೆರೆದು ನೋಡಿದ ಸಂಶೋಧಕರು ಬೇರೆ ಸತ್ಯವನ್ನು ಹೊರಗೆಳೆದರು. ಬರ್ಗರ್ ಅಂಥ ನ್ಯಾಯಾಲಯದಲ್ಲಿ ವೈದ್ಯ ಸದಸ್ಯನಾಗಿ ಕುಳಿತಿದ್ದ. ನಿವೃತ್ತನಾದ ಮೇಲೆ 1941ರಲ್ಲಿ ಮತ್ತೆ ಕರೆ ಬಂದಾಗಲೂ ಒಪ್ಪಿಗೆ ಬರೆದಿದ್ದ. ಆ ವರ್ಷದ ಜೂನ್ 1ರಂದು, ಖಿನ್ನತೆಯಿಂದ ಬಳಲುತ್ತಿದ್ದ ಅವನು ನೇಣು ಹಾಕಿಕೊಂಡು ಸತ್ತ. ಅಪಸ್ಮಾರ ಪೀಡಿತರ ಪರವಾಗಿ ಸಾಕ್ಷಿ ನುಡಿಯಬಲ್ಲ ಲೇಖನಿಯನ್ನು ಲೋಕಕ್ಕೆ ಕೊಟ್ಟವನು, ಅವರ ವಿರುದ್ಧ ತೀರ್ಪು ಬರೆಯುವ ಪೀಠದಲ್ಲಿಯೂ ಕುಳಿತಿದ್ದ.

ಇತ್ತ ಅಡಾಲ್ಫ್ ಬೆಕ್ ಎಲ್ಲಿದ್ದ? ಪ್ರಾಣಿಗಳ ಮಿದುಳಿನಲ್ಲಿ ಮೊದಲ ಲಯವನ್ನು ಕಂಡ ಆ ಯುವಕ ಲ್ವೂವ್ ನಗರದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನಾಗಿ, ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯಸ್ಥನೂ ಆಗಿ, ವೃದ್ಧನಾಗಿದ್ದ. ಆತ ಯಹೂದಿ. 1942ರ ಆಗಸ್ಟಿನಲ್ಲಿ ಜರ್ಮನರು ಅವನನ್ನು ಶಿಬಿರಕ್ಕೆ ಸೆಳೆದೊಯ್ಯಲು ಬಂದಾಗ, ಜೊತೆಯಲ್ಲಿ ಇರಿಸಿಕೊಂಡಿದ್ದ ವಿಷವನ್ನು ನುಂಗಿ ಪ್ರಾಣ ಬಿಟ್ಟ. ಒಂದೇ ವಿದ್ಯೆಯ ಇಬ್ಬರು ಆದ್ಯರು, ಹದಿನಾಲ್ಕು ತಿಂಗಳುಗಳ ಅಂತರದಲ್ಲಿ, ಒಂದೇ ಆಳ್ವಿಕೆಯ ಎರಡು ದಡಗಳಲ್ಲಿ ಕಣ್ಣು ಮುಚ್ಚಿದರು.

ಇದು ದೂರದ ದೇಶದ ಪಾಪ, ನಮಗೇನು ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಅಪಸ್ಮಾರವುಳ್ಳವರ ಮದುವೆಗೆ ಬ್ರಿಟನ್ನಿನಲ್ಲಿದ್ದ ಕಾನೂನಿನ ಅಡ್ಡಿ ತೊಲಗಿದ್ದು 1970ರಲ್ಲಿ. ನಮ್ಮಲ್ಲಿ 1976ರ ತಿದ್ದುಪಡಿಯು ಹಿಂದೂ ವಿವಾಹ ಕಾಯಿದೆಯ ಷರತ್ತಿನಲ್ಲಿ, ಮರುಕಳಿಸುವ ಉನ್ಮಾದದ ಪಕ್ಕದಲ್ಲಿಯೇ ಅಪಸ್ಮಾರವನ್ನೂ ಸೇರಿಸಿತು. ಅಂಥ ವಿವಾಹವನ್ನು ರದ್ದುಗೊಳಿಸಿಕೊಳ್ಳುವುದಕ್ಕೆ ದಾರಿಯಾಯಿತು. ವೈದ್ಯರೂ ರೋಗಿಗಳ ಪರವಾದ ಸಂಘಟನೆಗಳೂ ಮಾಡಿದ ಪ್ರಯತ್ನದ ಫಲವಾಗಿ 1999ರಲ್ಲಿ ಸಂಸತ್ತು ಆ ಶಬ್ದವನ್ನು ತೆಗೆದುಹಾಕಿತು. ಇಪ್ಪತ್ತಮೂರು ವರ್ಷ ಕಾನೂನಿನ ಪುಟದಲ್ಲಿದ್ದ ಆ ಒಂದು ಶಬ್ದದಿಂದ ಎಷ್ಟು ಹೆಣ್ಣುಮಕ್ಕಳು ಮಾತ್ರೆಯ ಚೀಟಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟರೋ, ಹಿಡಿದುಹೋಗುವ ಭಯಕ್ಕೆ ಮಾತ್ರೆಯನ್ನೇ ಬಿಟ್ಟರೋ! ಕಾನೂನಿನಿಂದ ಶಬ್ದ ಹೋಯಿತು. ಜಾತಕ ನೋಡುವ ಜಗಲಿಗಳಿಂದ ಅದು ಪೂರ್ತಿಯಾಗಿ ಹೋಗಿಲ್ಲವೆಂಬುದು ನಮ್ಮ ನಿಮ್ಮ ಅರಿವಿನಲ್ಲಿರುವುದೇ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆಯೆಂದೂ, ಸರಿಯಾದ ನಿದಾನ, ಸರಿಯಾದ ಔಷಧ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಜನ ಸೆಳೆತವಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿದಾನಕ್ಕೆ ಯಂತ್ರ ಬೇಕು. ಯಂತ್ರದ ಬರಹವನ್ನು ಓದುವ ವೈದ್ಯರು ಬೇಕು. ಅದಕ್ಕೂ ಮೊದಲು ಕಂಡದ್ದನ್ನು ಕಂಡಂತೆ ಹೇಳುವ ಜನ ಬೇಕು. ಬರ್ಗರನ ಲೇಖನಿ ಕರುಣೆಯನ್ನೂ ಬರೆಯಲಿಲ್ಲ, ಕ್ರೌರ್ಯವನ್ನೂ ಬರೆಯಲಿಲ್ಲ. ಅಲೆಗಳನ್ನು ಮಾತ್ರ ಬರೆಯಿತು. ಉಳಿದೆಲ್ಲವೂ ಓದಿದವರಿಂದ ಬಂದದ್ದು.

ಆದ್ದರಿಂದ ಯಾರಾದರೂ ನಿಮ್ಮೆದುರಿಗೆ ಹಾಗೆ ಬಿದ್ದಾಗ ಬೀಗದ ಕೈ ಹುಡುಕಬೇಡಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಬಲವಾಗಿ ಹಿಡಿದು ಒತ್ತಬೇಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿಗೆ ಮೆತ್ತನೆಯದೇನಾದರೂ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಕಣ್ಣು ಎತ್ತ ತಿರುಗಿತು, ಯಾವ ಕೈ ಮೊದಲು ಅದುರಿತು ಎಂಬುದನ್ನು ನೆನಪಿನಲ್ಲಿಡಿ. ಅವರು ಕಣ್ತೆರೆದಾಗ ಮೊದಲು ಕಾಣುವುದು ನಿಮ್ಮ ಮುಖ. ಅದರಲ್ಲಿ ಭಯವಿಲ್ಲದಿರಲಿ. ಅವರ ಸ್ಮರಣೆ ಅಗಲಿದ್ದ ಅಷ್ಟು ಹೊತ್ತಿನ ನೆನಪನ್ನು ಕಾಯ್ದಿಟ್ಟು ಅವರಿಗೂ ವೈದ್ಯರಿಗೂ ಒಪ್ಪಿಸಬೇಕಾದವರು ನೀವೇ.

(ಬಾನುಲಿ ಭಾಷಣ)